ಹಳೆಯ ಕ್ಯಾನ್ವಾಸ್, ಹೊಸ ಚಿತ್ರ: ದೋಷ ಯಾವ ಪದರದಲ್ಲಿದೆ? ಕೊಡಗಿನ ಹವೆಗೊಂದು ದೋಷ ನಿವಾರಣೆ ಕೈಪಿಡಿ

ಹೋಂಸ್ಟೇಗಳು ಕೋಣೆಯ ಅಲಂಕಾರ ಬದಲಿಸುವಾಗ, ತೋಟದ ಬಂಗಲೆ ಕೈ ಬದಲಾಗುವಾಗ, ಬಾಡಿಗೆ ಮನೆ ಖಾಲಿಯಾಗುವಾಗ ಕೊಡಗಿನಲ್ಲಿ ಕಟ್ಟು ಸಮೇತ ಕ್ಯಾನ್ವಾಸ್‌ಗಳು ಅಗ್ಗಕ್ಕೆ ಸಿಗುತ್ತವೆ. ಗುಜರಿಗೆ ಹೋಗುವ ಮೊದಲು ಒಂದನ್ನು ತಂದು, ಬಿಳಿ ಬಳಿದು, ನಮಗೆ ಬೇಕಾದ ಚಿತ್ರ ಬಿಡಿಸಿ ನಡುಮನೆಗೆ ಹಾಕಿಕೊಳ್ಳುವುದು ಒಳ್ಳೆಯ ಯೋಚನೆಯೇ. ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಚಕ್ಕೆ ಏಳುತ್ತದೆ, ಬಿಳಿಯ ಆಕಾಶದಲ್ಲಿ ಕಂದು ಮಚ್ಚೆ ಮೂಡುತ್ತದೆ, ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಆಗ ಎಲ್ಲರೂ ಬೈಯುವುದು ಬಣ್ಣದ ಟ್ಯೂಬನ್ನು. ನಾನು ನೋಡಿದ ಮಟ್ಟಿಗೆ ಬಣ್ಣ ತಪ್ಪಿತಸ್ಥನಾಗಿರುವುದು ಅಪರೂಪ. ದೋಷ ಒಂದೋ ಕೆಳಗಿನ ಪದರದಲ್ಲಿರುತ್ತದೆ, ಇಲ್ಲವೇ ನಮ್ಮ ಗಾಳಿಯಲ್ಲಿರುತ್ತದೆ.

ಹಳೆಯ ಕ್ಯಾನ್ವಾಸ್ ಎಂದರೆ ತಳದಲ್ಲಿ ಮರದ ಪಟ್ಟಿ, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಬಿಳಿ ಲೇಪ, ಲೇಪದ ಮೇಲೆ ಯಾರದೋ ಚಿತ್ರ, ಕೆಲವೊಮ್ಮೆ ಅದರ ಮೇಲೆ ವಾರ್ನಿಷ್. ಇಷ್ಟರ ಮೇಲೆ ನಿಮ್ಮ ಜೆಸ್ಸೊ, ಅಂದರೆ ಸುಣ್ಣಕಲ್ಲಿನ ಪುಡಿ, ಟೈಟಾನಿಯಂ ಬಿಳಿ ಮತ್ತು ಅಕ್ರಿಲಿಕ್ ಅಂಟು ಬೆರೆತ ಲೇಪ. ಕೊನೆಗೆ ನಿಮ್ಮ ಬಣ್ಣ. ಯಾವ ಪದರ ಯಾವುದರಿಂದ ಬಿಡಿಸಿಕೊಂಡಿತು ಎಂದು ತಿಳಿಯದೆ ರಿಪೇರಿಗೆ ಕೈಹಾಕಬೇಡಿ. "ಇನ್ನೊಂದು ಕೋಟ್ ಹೊಡೆದರೆ ಸರಿಹೋಗುತ್ತದೆ" ಎಂಬ ಸಲಹೆಯಷ್ಟು ಕ್ಯಾನ್ವಾಸ್‌ಗಳನ್ನು ಹಾಳು ಮಾಡಿದ್ದು ಬೇರೊಂದಿಲ್ಲ.

ಮೊದಲು ಅದು ಯಾವ ಬಗೆಯ ಕ್ಯಾನ್ವಾಸ್ ಎಂದು ತಿಳಿಯಿರಿ

ಮಾರಿದವರ ಮಾತಿನ ಮೇಲೆ ಹೋಗಬೇಡಿ. "ಕೈಯಲ್ಲೇ ಬಿಡಿಸಿದ್ದು" ಎಂದು ಕೊಡುವ ಎಷ್ಟೋ ಚಿತ್ರಗಳು ಮುದ್ರಿತವಾಗಿರುತ್ತವೆ.

ತಿರುಗಿಸಿ, ಹಿಂಬದಿಗೆ ಒಂದು ಹನಿ ನೀರು ಬಿಡಿ. ಹತ್ತಿ ಬಟ್ಟೆಯಾದರೆ ಹನಿ ನಿಧಾನವಾಗಿ ಇಳಿದು ಬಟ್ಟೆ ಕಪ್ಪಗೆ ನೆನೆಯುತ್ತದೆ. ಹನಿ ಹಾಗೆಯೇ ಕುಳಿತು, ಹಿಂಬದಿಯಲ್ಲಿ ನೇಯ್ಗೆಯೂ ಸರಿಯಾಗಿ ಕಾಣದೆ ನುಣ್ಣಗೆ ಬೆಳ್ಳಗಿದ್ದರೆ ಅದು ಕ್ಯಾನ್ವಾಸ್ ಅಲ್ಲ, ಫ್ಲೆಕ್ಸ್. ಫ್ಲೆಕ್ಸ್ ಎಂದರೆ ಪಿವಿಸಿ. ಅದು ಮೆದುವಾಗಿರಲಿ ಎಂದು ಸೇರಿಸಿದ ಎಣ್ಣೆಯಂಥ ದ್ರವ್ಯ ವರ್ಷಗಟ್ಟಲೆ ಮೇಲಕ್ಕೆ ಒಸರುತ್ತಿರುತ್ತದೆ. ಅದರ ಮೇಲೆ ಬಳಿದ ಅಕ್ರಿಲಿಕ್ ಒಂದೋ ಅಂಟಂಟಾಗುತ್ತದೆ, ಇಲ್ಲವೇ ಹಾಳೆಯಾಗಿ ಕಿತ್ತುಬರುತ್ತದೆ. ಇದಕ್ಕೆ ಮದ್ದಿಲ್ಲ. ಫ್ಲೆಕ್ಸ್ ಕಿತ್ತು ಬಿಸಾಡಿ, ಕಟ್ಟಿಗೆ ಹೊಸ ಬಟ್ಟೆ ಬಿಗಿದುಕೊಳ್ಳಿ.

ಬಟ್ಟೆಯೇ ಆಗಿದ್ದರೆ ಮುಂಬದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಬ್ರಷ್‌ನ ಗೆರೆಗಳ ಬದಲು ಒಂದೇ ಸಮನಾದ ಸಣ್ಣ ಸಣ್ಣ ಚುಕ್ಕಿಗಳು ಕಂಡರೆ ಮುದ್ರಣ. ಓಡುವ ಏಳು ಕುದುರೆಗಳು, ಕಣ್ಣು ಮುಚ್ಚಿದ ಬುದ್ಧ, ಜಲಪಾತ ಇವುಗಳಲ್ಲಿ ಬಹುಪಾಲು ಈ ವರ್ಗವೇ. ಒದ್ದೆ ಹತ್ತಿಯಿಂದ ಅಂಚನ್ನು ಉಜ್ಜಿ. ಹತ್ತಿಗೆ ಬಣ್ಣ ಬಂದರೆ ನೀರಿಗೆ ಕರಗುವ ಶಾಯಿ ಎಂದು ಗುರುತು ಮಾಡಿಟ್ಟುಕೊಳ್ಳಿ. ಇದು ಮುಂದೆ ಕಾಡುತ್ತದೆ.

ಕೈಯಲ್ಲಿ ಬಿಡಿಸಿದ್ದಾದರೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಸಾಕು. ಹತ್ತಿಗೆ ಅದ್ದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಅರ್ಧ ನಿಮಿಷ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿದರೆ ಅಕ್ರಿಲಿಕ್. ಹಳದಿ ಕಂದು ಮಾತ್ರ ಬಂದರೆ ಅದು ಹಳೆಯ ವಾರ್ನಿಷ್, ಅದನ್ನು ತೆಗೆದು ಅದೇ ಜಾಗದಲ್ಲಿ ಮತ್ತೊಮ್ಮೆ ಉಜ್ಜಿ. ಏನೂ ಬಾರದಿದ್ದರೆ ತೈಲವರ್ಣ ಎಂದೇ ನಡೆದುಕೊಳ್ಳುವುದು ಕ್ಷೇಮ. ಈ ಪರೀಕ್ಷೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ: ಅಕ್ರಿಲಿಕ್ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲವರ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಜೆಸ್ಸೊ ಕೂಡ ಅಕ್ರಿಲಿಕ್ಕೇ ಎಂಬುದನ್ನು ಮರೆಯುವವರೇ ಹೆಚ್ಚು.

ಬಣ್ಣ ಚಕ್ಕೆ ಏಳುತ್ತಿದೆ

ಉದುರಿದ ಚಕ್ಕೆಯನ್ನು ಗುಡಿಸಿ ಎಸೆಯಬೇಡಿ. ಅದರ ಬೆನ್ನಿನಲ್ಲಿ ಉತ್ತರವಿದೆ.

ಗೋಣಿಕೊಪ್ಪದಲ್ಲಿ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಚಕ್ಕೆಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ತಂದಿದ್ದರು. "ಜೆಸ್ಸೊ ಡಬ್ಬಿಯೇ ಹಳೆಯದಿರಬೇಕು ಅಣ್ಣ, ಅಂಗಡಿಯವರು ಯಾಮಾರಿಸಿದ್ದಾರೆ" ಎಂದರು. ಉಗುರಿನಗಲದ ಒಂದು ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗುಚಿದೆವು. ಮುಂದೆ ಅವರ ಹಸಿರು, ಬೆನ್ನು ಶುಭ್ರ ಬಿಳಿ. ಆ ಬಿಳಿಯ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು, ಹೊಳೆಯುತ್ತಿದ್ದವು. ಹಳೆಯ ಚಿತ್ರಕಾರನ ಬ್ರಷ್ ಗುರುತುಗಳ ಪಡಿಯಚ್ಚು ಅದು. ಜೆಸ್ಸೊ ಹಳೆಯ ಮೇಲ್ಮೈಯ ಪ್ರತಿಯೊಂದು ಉಬ್ಬುತಗ್ಗಿಗೂ ಇಳಿದು ಕುಳಿತಿತ್ತು, ಆದರೆ ಎಲ್ಲಿಯೂ ಕಚ್ಚಿಕೊಂಡಿರಲಿಲ್ಲ. ಡಬ್ಬಿ ಚೆನ್ನಾಗಿಯೇ ಇತ್ತು. ಕೆಳಗಿದ್ದದ್ದು ವಾರ್ನಿಷ್ ಹೊಡೆದ ತೈಲಚಿತ್ರ, ಒಂದು ಬಾರಿಯೂ ಉಜ್ಜಿರಲಿಲ್ಲ.

ಚಕ್ಕೆಯ ಬೆನ್ನು ಹೀಗೆ ಬೆಳ್ಳಗೆ, ನುಣ್ಣಗೆ, ಹೊಳಪಾಗಿದ್ದರೆ ನಿಮ್ಮ ಲೇಪಕ್ಕೆ ಹಿಡಿತ ಸಿಕ್ಕಿಲ್ಲ ಎಂದರ್ಥ. ಸಡಿಲವಾದದ್ದನ್ನೆಲ್ಲ ಚೂಪಲ್ಲದ ಚಾಕುವಿನಿಂದ ಕೆರೆದು ತೆಗೆಯಿರಿ. ಅಲ್ಲಲ್ಲಿ ತೇಪೆ ಹಾಕಿದರೆ ಪಕ್ಕದಲ್ಲಿ ಮತ್ತೆ ಏಳುತ್ತದೆ. ಕೆಳಗಿರುವುದು ಅಕ್ರಿಲಿಕ್ ಆದರೆ ಸೋಪುನೀರಿನಲ್ಲಿ ಒರೆಸಿ, ಒಣಗಿಸಿ, 220ನೇ ನಂಬರಿನ ಸ್ಯಾಂಡ್ ಪೇಪರ್‌ನಿಂದ ಹೊಳಪು ಹೋಗುವ ತನಕ ಉಜ್ಜಿ, ತೆಳುವಾಗಿ ಜೆಸ್ಸೊ ಬಳಿಯಿರಿ. ತೈಲವರ್ಣ ಆದರೆ ನೇರ ದಾರಿ ಎರಡು. ಜೆಸ್ಸೊ ಬಿಟ್ಟು, ಮೇಲ್ಮೈ ಉಜ್ಜಿ, ತೈಲವರ್ಣದಲ್ಲೇ ಚಿತ್ರ ಬಿಡಿಸುವುದು ಒಂದು. ಸ್ಟೇಪಲ್ ಪಿನ್ ಕಿತ್ತು, ಬಟ್ಟೆಯನ್ನು ಮಗುಚಿ, ಹಿಂಬದಿಯನ್ನು ಮುಂದೆ ಮಾಡಿ ಬಿಗಿದು ಅಲ್ಲಿ ಜೆಸ್ಸೊ ಬಳಿಯುವುದು ಇನ್ನೊಂದು. ಹಳೆಯ ಬಣ್ಣ ತೆಳುವಾಗಿದ್ದರೆ ಮಾತ್ರ ಈ ಎರಡನೆಯದು, ದಪ್ಪ ಬಣ್ಣ ಮಗುಚುವಾಗಲೇ ಒಡೆಯುತ್ತದೆ. ಉಜ್ಜಿದ ತೈಲವರ್ಣದ ಮೇಲೆ ಜೆಸ್ಸೊ ಬಳಿದು "ನಮ್ಮದು ಏನೂ ಆಗಿಲ್ಲ" ಎನ್ನುವವರಿದ್ದಾರೆ. ಆಗದೆಯೂ ಇರಬಹುದು. ಅದು ಜೂಜು, ವಿಧಾನವಲ್ಲ.

ಬೆನ್ನಿನಲ್ಲಿ ಹಳೆಯ ಚಿತ್ರದ ಬಣ್ಣವೇ ಅಂಟಿಕೊಂಡು ಬಂದಿದ್ದರೆ ನಿಮ್ಮ ಜೆಸ್ಸೊ ಗಟ್ಟಿಯಾಗಿ ಹಿಡಿದಿದೆ, ಹಳೆಯ ಬಣ್ಣವೇ ತನ್ನ ತಳ ಬಿಟ್ಟಿದೆ. ಒಣಗುವಾಗ ಜೆಸ್ಸೊ ಕುಗ್ಗುತ್ತದೆ, ದುರ್ಬಲ ಪದರವನ್ನು ಜೊತೆಗೆ ಎಳೆದುಕೊಂಡು ಬರುತ್ತದೆ. ಬೆನ್ನಿನಲ್ಲಿ ನೇಯ್ಗೆಯ ಅಚ್ಚು ಇದ್ದು, ಉದುರಿದ ಜಾಗದಲ್ಲಿ ಬರಿಯ ಬಟ್ಟೆ ಕಂಡರೆ ದೋಷ ಇನ್ನೂ ಕೆಳಗಿದೆ: ಹಳೆಯ ಸರೇಸಿನ, ಅಂದರೆ ಪ್ರಾಣಿಜನ್ಯ ಅಂಟಿನ, ಲೇಪ ತೇವ ಕುಡಿದು ಸತ್ತುಹೋಗಿದೆ. ವರ್ಷಗಟ್ಟಲೆ ಅಟ್ಟದ ಮೇಲೋ ಗೋದಾಮಿನಲ್ಲೋ ಬಿದ್ದಿದ್ದ ಕ್ಯಾನ್ವಾಸ್‌ಗಳ ಸಾಮಾನ್ಯ ಕಾಯಿಲೆ ಇದು. ಇವೆರಡರಲ್ಲೂ ಮೇಲಿನಿಂದ ಏನು ಬಳಿದರೂ ಪ್ರಯೋಜನವಿಲ್ಲ.

ಚಕ್ಕೆಯಲ್ಲಿ ಬಣ್ಣ ಮಾತ್ರ ಇದ್ದು ಬಿಳಿ ಕೆಳಗೇ ಉಳಿದಿದ್ದರೆ, ಆ ಬಿಳಿಯ ಮೇಲೆ ಬೆರಳು ಎಳೆಯಿರಿ. ಬೆರಳಿಗೆ ಪುಡಿ ಹತ್ತಿತೇ? ಹಾಗಾದರೆ ಲೇಪದಲ್ಲಿ ಅಂಟು ಸಾಲದು. ಜೆಸ್ಸೊಗೆ ವಿಪರೀತ ನೀರು ಬೆರೆಸಿದಾಗ, ಗೋಡೆಯ ಡಿಸ್ಟೆಂಪರ್ ಬಳಿದಾಗ, ಸೀಮೆಸುಣ್ಣದ ಪುಡಿಗೆ ಮರಗೆಲಸದ ಬಿಳಿ ಗೋಂದು ಕಲಸಿ ಮನೆಯಲ್ಲೇ ತಯಾರಿಸಿದಾಗ ಹೀಗಾಗುತ್ತದೆ. ಆ ಗೋಂದು ಒಣನಾಡಿನಲ್ಲಿ ಹೇಗೋ ನಡೆದೀತು. ತೇವಕ್ಕೆ ಮೆತ್ತಗಾಗುವುದು ಅದರ ಗುಣ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ವಾಲ್ ಪುಟ್ಟಿಯನ್ನಂತೂ ಬಟ್ಟೆಯ ಹತ್ತಿರ ತರಬೇಡಿ. ಗೋಡೆ ಅಲುಗಾಡುವುದಿಲ್ಲ, ಬಟ್ಟೆ ಅಲುಗಾಡುತ್ತದೆ.

ಬೆರಳಿಗೆ ಪುಡಿ ಬಾರದಿದ್ದರೆ ಬಣ್ಣವನ್ನೇ ಅತಿಯಾಗಿ ತೆಳು ಮಾಡಿದ್ದೀರಿ. ಬಣ್ಣದಷ್ಟೇ ನೀರು ಎಂಬುದು ಗಡಿ, ಅದಕ್ಕಿಂತ ತೆಳುವಾಗಬೇಕಾದರೆ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅಕ್ರಿಲಿಕ್ ಅಂಟು, ಬೆರೆಸಿ.

ಹೊಸದಾಗಿ ಲೇಪ ಹಾಕಿದ ಮೇಲೆ ಪರೀಕ್ಷಿಸದೆ ಚಿತ್ರಕ್ಕೆ ಕೂರಬೇಡಿ. ಬೇಸಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ಒಂದು ವಾರ ಬಿಟ್ಟು, ಅಂಚಿನಲ್ಲಿ ಬ್ಲೇಡಿನಿಂದ ಗುಣಿಸು ಚಿಹ್ನೆಯಂತೆ ಎರಡು ಗೀರು ಎಳೆಯಿರಿ. ಬಟ್ಟೆ ಕತ್ತರಿಸದಂತೆ, ಲೇಪ ಮಾತ್ರ ಸೀಳುವಂತೆ. ಅದರ ಮೇಲೆ ಅಂಟುಟೇಪ್ ಒತ್ತಿ, ಒಂದೇ ಬಾರಿಗೆ ಎಳೆಯಿರಿ. ಟೇಪಿಗೆ ಏನೂ ಬಾರದಿದ್ದರೆ ಮುಂದುವರಿಯಿರಿ.

ಜೆಸ್ಸೊ ಹರಡದೆ ಹನಿಹನಿಯಾಗಿ ಸರಿಯುತ್ತಿದೆ

ಜಿಡ್ಡು. ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಒಲೆಯ ಹೊಗೆ ಹೀರಿದ ಅಡುಗೆಮನೆ ಪಕ್ಕದ ಚಿತ್ರ, ಪೀಠೋಪಕರಣದ ಪಾಲಿಷ್ ಸಿಂಪಡಿಸಿದ ಚಿತ್ರ, ಅಥವಾ ಯಾರೋ ಪುಣ್ಯಾತ್ಮರು ಹೊಳಪು ಬರಲಿ ಎಂದು ಕೊಬ್ಬರಿ ಎಣ್ಣೆ ಒರೆಸಿದ ಚಿತ್ರ. ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಹಿಂಡಿದ ಸ್ಪಂಜಿನಿಂದ ಒರೆಸಿ, ಬರಿಯ ನೀರಿನಲ್ಲಿ ಎರಡು ಬಾರಿ ಒರೆಸಿ. ಆಮೇಲೂ ನೀರು ಗುಂಡಾಗಿ ನಿಂತರೆ ಎಣ್ಣೆ ಬಟ್ಟೆಯವರೆಗೂ ಇಳಿದಿದೆ. ಬಿಟ್ಟುಬಿಡಿ.

ಒಣಗುತ್ತಲೇ ಇಲ್ಲ

ಇದು ಕೊಡಗಿನದೇ ದೂರು. ಡಬ್ಬಿಯ ಮೇಲೆ ಒಂದು ಗಂಟೆ ಎಂದು ಬರೆದಿರುತ್ತದೆ, ನಾಪೋಕ್ಲಿನ ಮನೆಯಲ್ಲಿ ಜುಲೈ ತಿಂಗಳಲ್ಲಿ ಮರುದಿನವೂ ಹಸಿ ಇರುತ್ತದೆ. ಡಬ್ಬಿಯಲ್ಲಿ ಬರೆದವರು ನಮ್ಮ ಮಳೆ ನೋಡಿಲ್ಲ.

ಅಕ್ರಿಲಿಕ್ ಒಣಗುವುದು ಎರಡು ಹಂತದಲ್ಲಿ. ಮೊದಲು ನೀರು ಆರಬೇಕು, ಆಮೇಲೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಮೊದಲ ಹಂತ ಎಳೆಯುತ್ತದೆ. ಚಳಿ ಇದ್ದರೆ ಎರಡನೆಯದು ಕೆಡುತ್ತದೆ: ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಣಗಳು ಸರಿಯಾಗಿ ಬೆಸೆಯುವುದಿಲ್ಲ. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ ಅದರ ಆಸುಪಾಸಿಗೆ ಇಳಿಯುವುದುಂಟು. ಆದ್ದರಿಂದ ಸಂಜೆ ಬಳಿದು ರಾತ್ರಿಯಿಡೀ ಜಗಲಿಯಲ್ಲಿ ಬಿಟ್ಟ ಜೆಸ್ಸೊ ಬೆಳಗ್ಗೆ ಒಣಗಿದಂತೆ ಕಂಡರೂ ಉಜ್ಜಿದರೆ ಪುಡಿಯಾಗುತ್ತದೆ. ಮಳೆಗಾಲದ ದೋಷ ಜಿಗುಟು, ಚಳಿಗಾಲದ ದೋಷ ಪುಡಿ. ಕೈಯಲ್ಲಿ ಮುಟ್ಟಿದರೆ ಯಾವುದೆಂದು ತಿಳಿಯುತ್ತದೆ.

ಮೇಲೆ ಒಣಗಿ ಒಳಗೆ ಹಸಿಯಾಗಿರುವುದನ್ನು ಪತ್ತೆ ಹಚ್ಚುವುದು ಕಷ್ಟ. ಕಣದಲ್ಲಿ ಒಣಹಾಕಿದ ಕಾಫಿ ಹಣ್ಣನ್ನು ಕಿವಿಯ ಹತ್ತಿರ ಕುಲುಕಿ ಸದ್ದು ಕೇಳುವವರಿಗೆ ಈ ಸಂಗತಿ ಹೊಸದಲ್ಲ, ಸಿಪ್ಪೆ ಕಪ್ಪಾದ ಮಾತ್ರಕ್ಕೆ ಒಳಗಿನ ಬೀಜ ಒಣಗಿರುವುದಿಲ್ಲ. ಕ್ಯಾನ್ವಾಸ್‌ಗೆ ಕೈಯ ಹಿಂಬದಿಯನ್ನು ತಾಗಿಸಿ. ತಣ್ಣಗೆನಿಸಿದರೆ ನೀರು ಇನ್ನೂ ಆರುತ್ತಿದೆ. ಮಳೆಗಾಲದಲ್ಲಿ ಮನೆಯಲ್ಲಿರುವುದೆಲ್ಲವೂ ತಣ್ಣಗೇ ಇರುವುದರಿಂದ, ಪಕ್ಕದಲ್ಲಿ ಹಳೆಯ ಒಣ ಕ್ಯಾನ್ವಾಸ್ ಒಂದನ್ನಿಟ್ಟು ಎರಡನ್ನೂ ಮುಟ್ಟಿ ಹೋಲಿಸಿ.

ಪರಿಹಾರಕ್ಕೆ ಮೊದಲು ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಗಳನ್ನು ತೆಗೆಯಿರಿ. ಒಂದು ಬಕೆಟ್ ಬಟ್ಟೆಯ ನೀರು ಹೋಗುವುದೆಲ್ಲ ಆ ಕೋಣೆಯ ಗಾಳಿಗೇ. ಫ್ಯಾನ್ ಹಾಕಿ, ನೇರವಾಗಿ ಕ್ಯಾನ್ವಾಸ್‌ಗಲ್ಲ, ಕೋಣೆಗೆ. ಹೇರ್ ಡ್ರೈಯರ್ ಹಿಡಿದರೆ ಮೇಲೆ ತೊಗಲು ಕಟ್ಟಿ ಒಳಗಿನ ನೀರು ಸಿಕ್ಕಿಬೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುವುದೇನೋ ನಿಜ, ಜೊತೆಗೆ ಹೊಗೆಯ ಜಿಡ್ಡೂ ಕೂರುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ. ತೇವಾಂಶ ಅಳೆಯುವ ಪುಟ್ಟ ಡಿಜಿಟಲ್ ಮಾಪಕ ಸಿಗುತ್ತದೆ, ಒಂದು ತೆಗೆದಿಟ್ಟುಕೊಳ್ಳಿ. ಅದು ಶೇ 80 ದಾಟಿದ ದಿನ ಬ್ರಷ್ ಮುಟ್ಟಬೇಡಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿಕೊಂಡು ಕುಳಿತಿರುವುದೇ ಮೇಲು, ಜೆಸ್ಸೊ ಡಬ್ಬಿ ತೆರೆಯುವ ಕಾಲವಲ್ಲ ಅದು. ಕುಶಾಲನಗರದ ಕಡೆಯವರಿಗೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ, ಅಲ್ಲಿ ಮಳೆ ಬಹಳ ಕಡಿಮೆ.

ತೈಲವರ್ಣದ ಕಥೆ ಬೇರೆ. ಅದು ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಗೆ ಆ ಗುಣವಿದೆ, ಕೊಬ್ಬರಿ ಎಣ್ಣೆಗೆ ಇಲ್ಲ. ಉಳಿತಾಯಕ್ಕೆಂದು ಅಡುಗೆಮನೆಯ ಎಣ್ಣೆ ಬೆರೆಸಿದ್ದರೆ ಅದು ಒಣಗುವುದನ್ನು ಕಾಯುತ್ತ ಕೂರಬೇಡಿ. ಟರ್ಪೆಂಟೈನ್‌ನಿಂದ ಒರೆಸಿ ತೆಗೆಯಿರಿ. ಅಗಸೆ ಎಣ್ಣೆಯದೇ ಆಗಿದ್ದರೆ ವಾರಗಟ್ಟಲೆ ತಾಳ್ಮೆ ಬೇಕು. ಕತ್ತಲೆ ಕೋಣೆಯಲ್ಲಿ ಇಡದೆ ಬೆಳಕು, ಗಾಳಿ ಆಡುವಲ್ಲಿ ಇಡಿ.

ಬೂಷ್ಟು

ಮೊದಲು ಬೂಷ್ಟು ಹೌದೋ ಅಲ್ಲವೋ ನೋಡಿ. ಹಳೆಯ ವಾರ್ನಿಷ್ ಮೇಲೆ ತೇವದಿಂದ ಬೂದಿಬಣ್ಣದ ಮಬ್ಬು ಕವಿಯುತ್ತದೆ. ಅದು ಒಂದೇ ಸಮ ಹರಡಿರುತ್ತದೆ, ವಾಸನೆಯಿಲ್ಲ. ಬೂಷ್ಟು ದುಂಡುದುಂಡಾದ ಮಚ್ಚೆಗಳಾಗಿ ಬೆಳೆಯುತ್ತದೆ, ಓರೆ ಬೆಳಕಿನಲ್ಲಿ ನವಿರು ಕೂದಲಿನಂಥ ಎಳೆಗಳು ಕಾಣುತ್ತವೆ, ಮೂಗಿಗೆ ತಿಳಿಯುತ್ತದೆ. ಅದು ಮೊದಲು ಹಿಡಿಯುವುದು ಹಿಂಬದಿಯಲ್ಲಿ, ಅದರಲ್ಲೂ ಕೆಳಗಿನ ಪಟ್ಟಿಗೂ ಬಟ್ಟೆಗೂ ನಡುವಿನ ಸಂದಿಯಲ್ಲಿ. ಅಲ್ಲಿ ದೂಳು ಕೂರುತ್ತದೆ, ಗಾಳಿ ಆಡುವುದಿಲ್ಲ. ಹತ್ತಿ, ಸರೇಸು, ದೂಳು ಮೂರೂ ಅದಕ್ಕೆ ಆಹಾರ. ತೇವಾಂಶ ಶೇ 70ರ ಮೇಲೆ ನಿಂತರೆ ಸಾಕು, ಬೇರೆ ಆಹ್ವಾನ ಬೇಡ.

ಬೂಷ್ಟು ಹಿಡಿದ ಕ್ಯಾನ್ವಾಸ್ ಮೇಲೆ ನೇರವಾಗಿ ಜೆಸ್ಸೊ ಬಳಿದರೆ ಕೆಲವು ವಾರ ಚೆನ್ನಾಗಿರುತ್ತದೆ. ಆಮೇಲೆ ಬಿಳಿಯ ಮೇಲೆ ಎಳ್ಳು ಚೆಲ್ಲಿದಷ್ಟು ಕಪ್ಪು ಚುಕ್ಕಿಗಳು ಮೂಡುತ್ತವೆ. ಮುಖಕ್ಕೆ ಮಾಸ್ಕ್ ಹಾಕಿ, ಮನೆಯ ಹೊರಗೆ ಒಯ್ದು, ಒಣ ಮೆತ್ತನೆಯ ಬ್ರಷ್‌ನಿಂದ ಹಿಂಬದಿಯನ್ನು ಗುಡಿಸಿ. ಒದ್ದೆ ಬಟ್ಟೆಯಿಂದ ಶುರು ಮಾಡಿದರೆ ಬೀಜಕಣಗಳನ್ನು ನೇಯ್ಗೆಯೊಳಗೆ ತುರುಕಿದಂತಾಗುತ್ತದೆ. ಬೆಳಗಿನ ಬಿಸಿಲಿಗೆ ಹಿಂಬದಿಯನ್ನು ಒಡ್ಡಿ ಎರಡು ಮೂರು ಗಂಟೆ ಇಡಿ. ಆಮೇಲೆ ಶೇ 70ರ ಸ್ಪಿರಿಟ್ಟನ್ನು ಹಿಂಬದಿಗೆ ತೆಳುವಾಗಿ ಸಿಂಪಡಿಸಿ, ಪೂರ್ತಿ ಆರಲು ಬಿಡಿ. ಬ್ಲೀಚಿಂಗ್ ಪುಡಿಯ ನೀರು ಬೇಡ, ಕಲೆ ಹೋಗುತ್ತದೆ, ಹತ್ತಿ ನೂಲಿನ ಬಲವೂ ಹೋಗುತ್ತದೆ.

ಒಂದು ಎಚ್ಚರಿಕೆ. ಬೂಷ್ಟು ಬಂದಿರುವುದು ನೀವು ಮುಗಿಸಿದ ಅಕ್ರಿಲಿಕ್ ಚಿತ್ರದ ಮುಂಬದಿಯಲ್ಲಾದರೆ ಸ್ಪಿರಿಟ್ ಮುಟ್ಟಿಸಬೇಡಿ. ಆರಂಭದ ಪರೀಕ್ಷೆ ನೆನಪಿದೆಯಲ್ಲ, ಅಕ್ರಿಲಿಕ್ ಕರಗುವುದೇ ಸ್ಪಿರಿಟ್‌ನಲ್ಲಿ. ಒಣ ಬ್ರಷ್, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ, ಅಷ್ಟೇ.

ಹಳೆಯ ಚಿತ್ರ ಇಣುಕುತ್ತಿದೆ

ಇಣುಕುವುದರಲ್ಲಿ ಮೂರು ಬಗೆ. ಮೂರಕ್ಕೂ ಚಿಕಿತ್ಸೆ ಬೇರೆ.

ಮೊದಲನೆಯದು ಶಾಯಿ. ಏಳು ಕುದುರೆಗಳ ಮುದ್ರಿತ ಕ್ಯಾನ್ವಾಸ್ ಮೇಲೆ ಒಬ್ಬರು ತಡಿಯಂಡಮೋಳ್ ಬೆಟ್ಟದ ಮುಂಜಾನೆಯ ಮಂಜು ಬಿಡಿಸಿದ್ದರು. ಎರಡು ಕೋಟ್ ಜೆಸ್ಸೊ, ಮೇಲೆ ತೆಳು ಬೂದು. ಮೂರು ದಿನಕ್ಕೆ ಮಂಜು ಗುಲಾಬಿ ಬಣ್ಣಕ್ಕೆ ತಿರುಗಿತು. ಕುದುರೆಗಳ ಹಿಂದಿದ್ದ ಸೂರ್ಯಾಸ್ತದ ಕೆಂಪು ಶಾಯಿ ನೀರಿಗೆ ಕರಗುವಂಥದ್ದು, ಒದ್ದೆ ಜೆಸ್ಸೊ ಅದನ್ನು ಮೇಲಕ್ಕೆಳೆದಿತ್ತು. ಬೂದಿನ ಮೇಲೆ ಬೂದು ಬಳಿದಷ್ಟೂ ಗುಲಾಬಿ ಮತ್ತೆ ಏರುತ್ತಿತ್ತು.

ಇದು ಶಾಯಿ ಏರುವಿಕೆಯೋ ಅಥವಾ ಲೇಪ ತೆಳುವಾದದ್ದೋ ಎಂದು ತಿಳಿಯಲು ಅಂಗೈಯಗಲದ ಜಾಗಕ್ಕೆ ಇನ್ನೊಂದು ಕೋಟ್ ಜೆಸ್ಸೊ ಹಚ್ಚಿ, ಒಣಗಿದ ಮೇಲೆ ನೋಡಿ. ಬಣ್ಣ ಕಡಿಮೆಯಾದರೆ ಲೇಪ ತೆಳುವಾಗಿತ್ತು, ಇಡೀ ಕ್ಯಾನ್ವಾಸ್‌ಗೆ ಇನ್ನೊಂದು ಕೋಟ್ ಕೊಡಿ. ಹಸಿಯಿದ್ದಾಗ ಬೆಳ್ಳಗಿದ್ದು ಒಣಗುತ್ತ ಬಣ್ಣ ಮರಳಿ ಬಂದರೆ ಶಾಯಿ ಏರುತ್ತಿದೆ. ನೀರಿನಂಶವಿರುವ ಯಾವುದೂ ಅದನ್ನು ತಡೆಯುವುದಿಲ್ಲ. ನೀರಿಲ್ಲದ ಪಾರದರ್ಶಕ ಅಕ್ರಿಲಿಕ್ ವಾರ್ನಿಷ್ ಸ್ಪ್ರೇಯನ್ನು ತೆಳುವಾಗಿ ಎರಡು ಮೂರು ಬಾರಿ, ನಡುವೆ ಒಣಗಲು ಬಿಟ್ಟು ಹೊಡೆಯಿರಿ, ಅದರ ಮೇಲೆ ಜೆಸ್ಸೊ. ಮುದ್ರಿತ ಹತ್ತಿ ಕ್ಯಾನ್ವಾಸ್‌ಗೆ ನನ್ನ ಮೊದಲ ಆಯ್ಕೆ ಮಾತ್ರ ಮಗುಚುವುದೇ. ಹಿಂಬದಿಯ ಬರಿ ಬಟ್ಟೆ ಜೆಸ್ಸೊವನ್ನು ಹೀರಿ ಹಿಡಿದುಕೊಳ್ಳುವಂತೆ ಮುಂಬದಿ ಎಂದೂ ಹಿಡಿಯುವುದಿಲ್ಲ.

ಎರಡನೆಯದು ಕಂದು ಕಲೆ. ಸೋರಿದ ಹೆಂಚಿನಿಂದ ನೀರು ಇಳಿದ ಗುರುತು, ಮರದ ಪಟ್ಟಿಯ ಕಂದು ರಸ, ಹೊಗೆ. ಇವೂ ನೀರಿನೊಂದಿಗೆ ಏರುತ್ತವೆ. ಕಲೆಯ ಮೇಲೆ ಪಾರದರ್ಶಕ ಅಕ್ರಿಲಿಕ್ ಮೀಡಿಯಂ ಎರಡು ತೆಳು ಕೋಟ್ ಹಚ್ಚಿ, ಪ್ರತಿಯೊಂದನ್ನೂ ಪೂರ್ತಿ ಒಣಗಿಸಿ, ಆಮೇಲೆ ಜೆಸ್ಸೊ ಬಳಿಯಿರಿ. ಬಡಗಿಗಳ ಅರಗಿನ ಪಾಲಿಷ್ ಕಲೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಟ್ಟೆಯ ಮೇಲೆ ಒಡೆಯುತ್ತದೆ. ರೂಪಾಯಿಯಗಲದ ಕಲೆಗೆ ಸರಿ, ಇಡೀ ಕ್ಯಾನ್ವಾಸ್‌ಗೆ ಬೇಡ.

ಮೂರನೆಯದು ಬಣ್ಣವಲ್ಲ, ಉಬ್ಬು. ಹಳೆಯ ಚಿತ್ರದ ದಪ್ಪ ಬಣ್ಣದ ಏರುಗಳು ಹಗಲಿನಲ್ಲಿ ಕಾಣದೆ, ಸಂಜೆ ಪಕ್ಕದ ದೀಪ ಹಾಕಿದಾಗ ಎದ್ದು ಕಾಣುತ್ತವೆ. ಕತ್ತಲೆಯಲ್ಲಿ ಟಾರ್ಚನ್ನು ಕ್ಯಾನ್ವಾಸ್‌ಗೆ ಒರಗಿಸಿ ಹಿಡಿದು ಮೊದಲೇ ನೋಡಿಕೊಳ್ಳಿ. ಜೆಸ್ಸೊ ಉಬ್ಬನ್ನು ಮುಚ್ಚುವುದಿಲ್ಲ, ಉಜ್ಜಿ ಇಳಿಸಬೇಕು. ಉಜ್ಜಲು ಮನಸ್ಸಿಲ್ಲದಿದ್ದರೆ ಅಲ್ಲಿ ಖಾಲಿ ಆಕಾಶ ಬಿಡಿಸಬೇಡಿ. ತೋಟದ ನೆರಳಿನ ಮರಗಳು, ಮೆಣಸಿನ ಬಳ್ಳಿಯ ಎಲೆಗಳು ಎಂಥ ಉಬ್ಬನ್ನೂ ನುಂಗಿಕೊಳ್ಳುತ್ತವೆ.

ಉಜ್ಜುವ ಮುನ್ನ ಇನ್ನೊಂದು ಮಾತು. ಹಳೆಯ ತೈಲಚಿತ್ರಗಳ ಬಿಳಿಯಲ್ಲಿ ಸೀಸ ಇರುವ ಸಂಭವವಿದೆ. ಬಾಗಿಲಿಗೆ ಹೊಡೆಯುವ ಎನಾಮಲ್‌ನಲ್ಲಿ ಬಿಡಿಸಿದ ಚಿತ್ರಗಳೂ ಹಾಗೆಯೇ: ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ. ನೀರು ಹಚ್ಚಿ ಉಜ್ಜಿ, ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ.

ಜೋಲು ಬಿದ್ದಿದೆ, ಮೂಲೆ ಎದ್ದಿದೆ

ನಡುವೆ ಬೆರಳಿನಿಂದ ತಟ್ಟಿ. ದಬದಬ ಎಂದರೆ ಸರಿ, ಸದ್ದಿಲ್ಲದೆ ಒಳಗೆ ಹೋದರೆ ಸಡಿಲ. ಹಿಂಬದಿಯ ಮೂಲೆಗಳಲ್ಲಿ ಸೀಳು ಇದ್ದರೆ ಅದು ಬೆಣೆ ಹೊಡೆಯಲೆಂದೇ ಮಾಡಿದ್ದು. ಮೂಲೆಗೆ ಎರಡರಂತೆ ಎಂಟು ಬೆಣೆ, ಸಣ್ಣ ಸುತ್ತಿಗೆ. ಒಂದೇ ಮೂಲೆಯನ್ನು ಪೂರ್ತಿ ಮುಗಿಸಿ ಮುಂದೆ ಹೋಗಬೇಡಿ, ಎದುರುಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ಹೊಡೆಯುತ್ತ ಬನ್ನಿ. ಸೀಳಿಲ್ಲದ ಕಟ್ಟಾದರೆ ಪಿನ್ ಕಿತ್ತು ಮತ್ತೆ ಎಳೆದು ಹೊಡೆಯುವುದೊಂದೇ ದಾರಿ. ಹಿಂಬದಿಗೆ ನೀರು ಚಿಮುಕಿಸಿದರೆ ಬಿಗಿಯಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಉಳಿಯುವುದಿಲ್ಲ. ಪೆಟ್ಟುಬಿದ್ದು ತಗ್ಗಾದ ಜಾಗ ಏಳಿಸಲು ಆ ಉಪಾಯ ಚೆನ್ನ, ಸರೇಸಿನ ಲೇಪವಿರುವ ಹಳೆಯ ಬಟ್ಟೆಗೆ ಮಾತ್ರ ಬೇಡ.

ಜೋರು ಮಳೆಯಲ್ಲಿ ಬೆಣೆ ಹೊಡೆದು ಪೂರ್ತಿ ಬಿಗಿ ಮಾಡಬೇಡಿ. ಸರೇಸು ಬಳಿದ ಬಟ್ಟೆ ಒಣಹವೆಯಲ್ಲಿ ತಾನೇ ಬಿಗಿಯುತ್ತದೆ. ಆಗಸ್ಟ್‌ನಲ್ಲಿ ತುಂಬ ಬಿಗಿದದ್ದು ಫೆಬ್ರುವರಿಯಲ್ಲಿ ಬಣ್ಣವನ್ನು ಬಿರುಕು ಬಿಡಿಸುತ್ತದೆ.

ಮೂಲೆ ಎದ್ದಿದೆಯೇ ಎಂದು ನೋಡಲು ಸಮನಾದ ನೆಲದ ಮೇಲೆ ಮಲಗಿಸಿ. ಬೆರಳು ತೂರುವುದಕ್ಕಿಂತ ಹೆಚ್ಚು ಎದ್ದಿದ್ದರೆ ಮರ ತಿರುಚಿಕೊಂಡಿದೆ, ಭಾರ ಹೇರಿದರೂ ಮತ್ತೆ ಏಳುತ್ತದೆ. ಕಟ್ಟು ಬದಲಿಸಿ.

ಬಿರುಕು

ಬಿಸಿಲಿಗೆ ಒಡೆದ ಕೆಸರುಗದ್ದೆಯ ಮಾದರಿಯಲ್ಲಿ ಬಿರುಕಿದ್ದರೆ ಜೆಸ್ಸೊ ದಪ್ಪವಾಯಿತು. ಒಂದು ದಪ್ಪ ಕೋಟ್‌ಗಿಂತ ಮೂರು ತೆಳು ಕೋಟ್ ಮೇಲು. ಮೂಲೆಯಿಂದ ಓರೆಯಾಗಿ ಹೊರಟ ಗೆರೆಗಳಾದರೆ ಬೆಣೆ ಅತಿಯಾಯಿತು. ಒಂದೇ ಜಾಗದ ಸುತ್ತ ಉಂಗುರಗಳಾದರೆ ಹಿಂದಿನಿಂದ ಏನೋ ಬಡಿದಿದೆ.

ಬಿಟ್ಟುಬಿಡಬೇಕಾದವು

ಮರದಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹೊಸ ಹುಡಿ ಕಂಡರೆ ಮನೆಯೊಳಗೆ ತರಬೇಡಿ. ಕಾಫಿಯ ಕಾಂಡಕೊರಕದೊಂದಿಗೆ ವರ್ಷವಿಡೀ ಗುದ್ದಾಡುವ ಊರಿನವರಿಗೆ ಕೊರೆಯುವ ಹುಳುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇದು ಬೇರೆ ಹುಳು, ಬುದ್ಧಿ ಮಾತ್ರ ಒಂದೇ. ಹುಡಿಯನ್ನು ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಹೊರಗಿನ ಕೊಟ್ಟಿಗೆಯಲ್ಲಿಡಿ. ಮತ್ತೆ ಹುಡಿ ಬಿದ್ದರೆ ಹುಳು ಜೀವಂತ, ಕಟ್ಟನ್ನು ಸುಟ್ಟುಬಿಡಿ. ಬಟ್ಟೆಯ ಮಡಿಕೆಯ ಅಂಚನ್ನು ಉಗುರಿನಲ್ಲಿ ಚಿವುಟಿದರೆ ಹರಿಯುವಂತಿದ್ದರೂ ಕೊಳ್ಳಬೇಡಿ.

ಇನ್ನೊಂದು ಕಾರಣಕ್ಕೂ ಕೈ ತಡೆಯಬೇಕು. ಬಂಗಲೆಯಿಂದ ಬಂದ ಹಳೆಯ ತೈಲಚಿತ್ರದಲ್ಲಿ ಸಹಿಯೋ ಇಸವಿಯೋ ಇದ್ದರೆ, ಹಿಂಬದಿಯಲ್ಲಿ ಅಂಗಡಿಯ ಚೀಟಿ ಇದ್ದರೆ, ಬಿಳಿ ಬಳಿಯುವ ಮುನ್ನ ತಿಳಿದವರಿಗೆ ತೋರಿಸಿ. ಜೆಸ್ಸೊ ಬಳಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಗೋಡೆಗೆ ಹಾಕಿದ ಮೇಲೆ ಕಾಣುವ ದೋಷ

ವಾರ್ನಿಷ್ ಹೊಡೆದ ಮರುಗಳಿಗೆ ಬೆಳ್ಳಗೆ ಮಬ್ಬಾದರೆ ಗಾಳಿಯ ತೇವ ಅದರಲ್ಲಿ ಸಿಕ್ಕಿದೆ. ಒರೆಸಬೇಡಿ, ಬೆಚ್ಚಗಿನ ಒಣ ದಿನಕ್ಕೆ ಕಾಯಿರಿ. ಬಹಳಷ್ಟು ಸಲ ತಾನೇ ತಿಳಿಯಾಗುತ್ತದೆ, ಆಗದಿದ್ದರೆ ಅಂಥ ದಿನವೇ ಇನ್ನೊಂದು ತೆಳು ಕೋಟ್ ಹೊಡೆಯಿರಿ. ಅಕ್ರಿಲಿಕ್ ಚಿತ್ರಕ್ಕೆ ವಾರ್ನಿಷ್ ಮಾಡುವ ಮೊದಲು ಎರಡು ವಾರ, ತೈಲಚಿತ್ರಕ್ಕೆ ಕನಿಷ್ಠ ಆರು ತಿಂಗಳು ಬಿಡಬೇಕು.

ಚಿತ್ರದ ಕೆಳಭಾಗದಲ್ಲಿ ಮಾತ್ರ ಬೂಷ್ಟು ಮರುಕಳಿಸುತ್ತಿದ್ದರೆ ದೋಷ ಗೋಡೆಯದು. ಮಳೆ ಹೊಡೆಯುವ ಹೊರಗೋಡೆಯ ಒಳಮೈ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವಾಗಿಯೇ ಇರುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಗೆ ಸ್ಥಳಾಂತರಿಸಿ. ಅದು ಆಗದಿದ್ದರೆ ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಕಾರ್ಕ್ ಬಿರಡೆಯ ಬಿಲ್ಲೆ ಕತ್ತರಿಸಿ ಅಂಟಿಸಿ, ಬೆರಳು ತೂರುವಷ್ಟು ಸಂದಿಯಲ್ಲಿ ಗಾಳಿ ಆಡಲಿ. ಹಿಂಬದಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಕಾಪಾಡುವ ಯೋಚನೆ ಬೇಡ, ತೇವ ಒಳಗೇ ಉಳಿಯುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆ ಸಾರಿಸಿ ಗುಡಿಸುವಾಗ ಚಿತ್ರವನ್ನೂ ಕೆಳಗಿಳಿಸಿ, ಹಿಂಬದಿಯ ಕೆಳಪಟ್ಟಿಯ ಸಂದಿಯನ್ನು ಒಣ ಬ್ರಷ್‌ನಿಂದ ಗುಡಿಸಿ, ಬೆಣೆಗಳು ಸಡಿಲವಾಗಿವೆಯೇ ನೋಡಿ, ಬಿಸಿಲಿದ್ದರೆ ಹಿಂಬದಿಯನ್ನು ಒಂದು ಗಂಟೆ ಅದಕ್ಕೆ ಒಡ್ಡಿ ಮತ್ತೆ ಹಾಕಿ.